ಸಂತೆ ಚದುರಿದ ಮೇಲೆ



ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲಗಳ ಕಡೆಗೆ ಸಾಗುವ ಹಾದಿಯಲ್ಲಿ, ತಿರುಮಕೂಡಲು ನರಸೀಪುರದ ಕಡೆಯಿಂದ ಮೂಗೂರಿನ ಮೇಲೆ ಹಾದುಬರುವ ದಾರಿ ಬಂದು ಸೇರುವೆಡೆಯಲ್ಲಿ, ಸಂತೆಮರಹಳ್ಳಿಯೆಂಬ ಊರೊಂದಿದೆ. ದಾರಿಗಳು ಕೂಡುವಲ್ಲಿ ಜನ ಕೂಡುವುದೂ, ಜನ ಕೂಡುವಲ್ಲಿ ಸಂತೆ ಕೂಡುವುದೂ ನಮ್ಮ ನಾಡಿನ ಹಳೆಯ ವಾಡಿಕೆಯಾಗಿರುವುದರಿಂದ, ಆ ಊರು ತನ್ನ ಹೆಸರಿನ ಮೊದಲಲ್ಲಿಯೇ ಸಂತೆಯನ್ನು ಧರಿಸಿಕೊಂಡಿರುವುದು ಯಾರಿಗೂ ಆಶ್ಚರ್ಯವನ್ನುಂಟುಮಾಡದು. ಸಂತೆಯ ದಿವಸ ಬೆಳಗಾಗುತ್ತಲೇ ಅರಿಸಿನದ ಕೊಂಬು, ವೀಳ್ಯದೆಲೆಯ ಕಟ್ಟು, ಸಣ್ಣ ಈರುಳ್ಳಿ, ಹುರುಳಿ, ಅವರೆ, ಬಿದಿರಿನ ಮೊರ, ಹಗ್ಗ, ಮಡಕೆ, ಕುಡುಗೋಲು ಎಲ್ಲವೂ ನೆಲದ ಮೇಲೆ ಹರಡಿಕೊಂಡು, ಬಯಲು ಮಧ್ಯಾಹ್ನದ ಹೊತ್ತಿಗೆ ಒಂದು ಚಿಕ್ಕ ಪಟ್ಟಣವೇ ಆಗಿಬಿಡುತ್ತದೆ. ಬೈಗಿನ ಹೊತ್ತಿಗೆ ಅದೇ ಪಟ್ಟಣ ಗಂಟುಮೂಟೆ ಕಟ್ಟಿಕೊಂಡು ಬಸ್ಸು, ಆಟೋ, ಲಗೇಜು ಗಾಡಿಗಳನ್ನೇರಿ ಕರಗಿಹೋಗುತ್ತದೆ. ಉಳಿಯುವುದು ಬಾಡಿದ ಸೊಪ್ಪು, ಹರಿದ ಗೋಣಿ, ಅವನ್ನು ಮೂಸಿನೋಡುವ ಎರಡು ದನ. ಇಷ್ಟಾದರೂ ಸಂತೆ ಸತ್ತುಹೋಯಿತೆಂದು ಅಂದು ಸಂಜೆ ಯಾರೊಬ್ಬರೂ ಅಳುವುದಿಲ್ಲ. ಮುಂದಿನ ವಾರ ಅದೇ ಬಯಲಿಗೆ ಅದೇ ಜನ ಬರುವರೆಂಬ ನಂಬಿಕೆ ಅಲ್ಲಿನ ಕಲ್ಲುಕಲ್ಲಿಗೂ ಇದೆ.

ಇಂದು ನಾನು ನಿಮ್ಮೊಡನೆ ಮಾತನಾಡಬೇಕಾಗಿರುವ ವಿಷಯ, ನಗರಗಳ ಜನಸಂಖ್ಯೆ ಇಳಿಮುಖವಾಗುವುದು ಮತ್ತು ಅದರಿಂದ ಆಯಾ ಪ್ರದೇಶದ ಅಭ್ಯುದಯದ ಮೇಲಾಗುವ ಪರಿಣಾಮ. ವಿಷಯದ ಹೆಸರು ಕೇಳಿದೊಡನೆ ನಿಮ್ಮಲ್ಲಿ ಕೆಲವರು ನಕ್ಕಿದ್ದರೆ ನಾನು ತಪ್ಪೆಣಿಸುವುದಿಲ್ಲ. ೨೦೦೧ರಿಂದ ೨೦೧೧ರವರೆಗಿನ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ನೂರಕ್ಕೆ ನಾಲ್ವತ್ತೇಳರಂತೆ ಏರಿ ತೊಂಬತ್ತಾರು ಲಕ್ಷವನ್ನು ದಾಟಿದ ನಾಡಿನಲ್ಲಿ, ಜನರಿಲ್ಲದೆ ನಗರಗಳು ಬಡವಾಗುವ ಮಾತನ್ನಾಡುವವನು, ಮಳೆಗಾಲದಲ್ಲಿ ನಿಂತು ಬರಗಾಲದ ಕಥೆ ಹೇಳುವವನಂತೆ ತೋರುವುದು ಸಹಜವೇ. ಆದರೆ ತುಂಬಿ ಹರಿಯುವ ಕೆರೆಯನ್ನು ಕಂಡವರು ಆ ನೀರು ಯಾವ ಯಾವ ಹಳ್ಳಗಳನ್ನು ಬರಿದುಮಾಡಿ ಬಂದಿತೆಂಬುದನ್ನು ವಿಚಾರಿಸುವುದು ಕಡಮೆ. ಆ ಹಳ್ಳಗಳ ಕಡೆಯಿಂದ ಬಂದವನಾದ ನಾನು ವಿಚಾರಿಸಲೇಬೇಕಾಗಿದೆ. ಸಂಜೆಗೆ ಬರಿದಾಗುವ ಸಂತೆಯ ಬಯಲಿಗೂ, ಶಾಶ್ವತವಾಗಿ ಬರಿದಾಗುವ ಊರಿಗೂ ಇರುವ ಅಂತರವೇನು? ಒಂದಕ್ಕೆ ಜನ ಮತ್ತೆ ಬರುವುದೇಕೆ, ಇನ್ನೊಂದಕ್ಕೆ ಬಾರದಿರುವುದೇಕೆ? ನನ್ನ ಭಾಷಣವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ದೂರ ಹೋಗಬೇಕಾಗಿಲ್ಲ. ಸಂತೆಮರಹಳ್ಳಿಗೆ ಅನತಿದೂರದಲ್ಲಿಯೇ ಉಮ್ಮತ್ತೂರು ಇದೆ. ಇಂದು ಬಸ್ಸಿನಿಂದಿಳಿದು ನೋಡಿದರೆ ಅದೊಂದು ಹಳ್ಳಿ. ಆದರೆ ಹದಿನೈದು, ಹದಿನಾರನೆಯ ಶತಮಾನಗಳ ಸಂಧಿಯಲ್ಲಿ ಅದು ಕಾವೇರಿಯ ಎರಡು ದಡಗಳ ಮೇಲೂ ಕೈಚಾಚಿದ್ದ ಪಾಳೆಯಗಾರರ ರಾಜಧಾನಿಯಾಗಿತ್ತು. ಅವರು ವಿಜಯನಗರದ ಚಕ್ರವರ್ತಿಗಳನ್ನೇ ಇದಿರುಹಾಕಿಕೊಂಡು, ಗಂಗರಾಜನ ಕಾಲದಲ್ಲಿ ಶಿವನಸಮುದ್ರದ ಕೋಟೆಯನ್ನು ನೆಚ್ಚಿ ನಿಂತು, ೧೫೦೯ರಲ್ಲಿ ಪಟ್ಟವೇರಿದ ಕೃಷ್ಣದೇವರಾಯನ ಮೊದಮೊದಲ ದಂಡಯಾತ್ರೆಗಳಲ್ಲೊಂದಕ್ಕೆ ಗುರಿಯಾಗಿ ಅಳಿದರು. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯೂ ಹಾಗೆಯೇ. ಕುಡುಗುನಾಡಿನ ಮುಖ್ಯಪಟ್ಟಣವಾಗಿದ್ದ ಆ ಊರಿನ ಹಳೆಯ ಗುಡಿಗಳನ್ನು ಎಣಿಸಿದವರಿಗೆ, ಇಷ್ಟು ದೇವರುಗಳಿಗೆ ಪೂಜೆ ಸಲ್ಲಿಸಲು ಒಂದು ಕಾಲದಲ್ಲಿ ಇಲ್ಲಿ ಎಷ್ಟು ಜನ ಇದ್ದಿರಬೇಕೆಂಬ ಪ್ರಶ್ನೆ ತಾನಾಗಿ ಏಳುತ್ತದೆ. ಜನ ಹೋದರು, ಕಲ್ಲಿನ ದೇವರು ಹೋಗಲಾರದೆ ಉಳಿದನು. ಅರಸು ಇದ್ದುದರಿಂದ ಊರು ಇತ್ತು, ಅರಸು ಅಳಿದುದರಿಂದ ಊರು ಇಳಿಯಿತು ಎಂಬುದು ಇವುಗಳ ಸಂಕ್ಷಿಪ್ತ ಚರಿತ್ರೆ.

ಇದನ್ನೇ ಅಂಕಿ ಸಂಖ್ಯೆಗಳ ಸಹಿತ ನೋಡಬೇಕೆಂದರೆ ಶ್ರೀರಂಗಪಟ್ಟಣಕ್ಕೆ ಹೋಗಬೇಕು. ಟಿಪ್ಪು ಸುಲ್ತಾನನ ಕಾಲದಲ್ಲಿ ಆ ದ್ವೀಪದ ಮೇಲೆ ಒಂದೂವರೆ ಲಕ್ಷ ಜನರಿದ್ದರೆಂದು ೧೮೦೦ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು ಅಂದಾಜುಮಾಡಿದನು. ಆ ಜನರಲ್ಲಿ ಬಹುಮಂದಿ ತಾವಾಗಿ ಬಂದವರಲ್ಲ. ಆ ದ್ವೀಪದ ಗಂಜಾಮಿನ ಪೇಟೆಯಲ್ಲಿ ಕಸುಬುದಾರರು ಇರಲೆಂದು ಸಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿ ತರಲಾಯಿತೆಂದು ಗೆಜೆಟಿಯರುಗಳು ಹೇಳುತ್ತವೆ. ಮೊಗಲರ ಸುಬೇದಾರರ ಠಾಣೆಯಾಗಿ ಮೆರೆದಿದ್ದ ಸಿರಾ ಬಡವಾಯಿತು, ಗಂಜಾಮು ತುಂಬಿತು. ಒಂದು ಊರಿನ ಏಳಿಗೆಯ ಲೆಕ್ಕದಲ್ಲಿ ಇನ್ನೊಂದು ಊರಿನ ಇಳಿತ ಅಡಗಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ನಾಡಿನ ಇತಿಹಾಸದಲ್ಲಿ ದೊರೆಯದು. ೧೭೯೯ರ ಮೇ ೪ರಂದು ಕೋಟೆ ಬಿದ್ದಿತು. ರಾಜಧಾನಿ ಮೈಸೂರಿಗೆ ಹೋಯಿತು. ಮರು ವರ್ಷ ಎಣಿಸಿದಾಗ ದಂಡಿನವರನ್ನು ಬಿಟ್ಟು ಉಳಿದಿದ್ದವರು ೩೧,೮೯೫ ಮಂದಿ. ಜ್ವರದ ಬಾಧೆಯನ್ನು ತಾಳಲಾರದೆ ಕೆಲವೇ ವರ್ಷಗಳಲ್ಲಿ ಇಂಗ್ಲಿಷರ ದಂಡೂ ಬೆಂಗಳೂರಿಗೆ ಹೊರಟಿತು. ೧೮೫೨ಕ್ಕೆ ೧೨,೭೪೪ ಮಂದಿ. ೧೯೦೧ರ ಗಣತಿಗೆ ೮,೫೮೪.

ಈ ಇಳಿತದ ನಡುವಿನ ಒಂದು ಚಿಕ್ಕ ಸಂಗತಿಯನ್ನು ನಾನು ಹೇಳದೆ ಮುಂದೆ ಸರಿಯಲಾರೆ. ಟಿಪ್ಪುವಿನ ಲಾಲ್ ಮಹಲಿನ ಮರಮುಟ್ಟುಗಳನ್ನು ಕಳಚಿ, ನಮ್ಮ ಗುಂಡ್ಲುಪೇಟೆಯ ಆಚೆಯ ನೀಲಗಿರಿಯ ಮೇಲಕ್ಕೆ ಸಾಗಿಸಿ, ಉದಕಮಂಡಲದಲ್ಲಿ ೧೮೩೦ರ ಸುಮಾರಿಗೆ ಕಟ್ಟಿದ ಸಂತ ಸ್ಟೀಫನ್ನರ ಇಗರ್ಜಿಗೆ ತೊಲೆ ಕಂಬಗಳನ್ನಾಗಿ ಬಳಸಿಕೊಂಡರು. ಜನ ತೊರೆದ ಊರು ಇತರ ಊರುಗಳಿಗೆ ಗಣಿಯಾಗುತ್ತದೆ. ಮೊದಲು ಅದರ ಜನ, ಆಮೇಲೆ ಅದರ ಮರ, ಕಲ್ಲು, ಕಡೆಗೆ ಅದರ ಕಚೇರಿ, ಅದರ ಅಧಿಕಾರ ಎಲ್ಲವೂ ಒಂದೊಂದಾಗಿ ಬಂಡಿಯೇರುತ್ತವೆ.

ಇನ್ನು ಬರಿದಾದರೂ ಮತ್ತೆ ತುಂಬಿದ ನಗರಗಳ ಕಥೆ. ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಇಲಿ ಬಿದ್ದ ಮನೆಗೆ ಬೀಗ ಹಾಕಿ ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಾಲಕಳೆದ ಹಿರಿಯರ ನೆನಪು ಹಳೆಯ ಮೈಸೂರು ಸೀಮೆಯ ಮನೆಮನೆಗಳಲ್ಲಿಯೂ ಇತ್ತು; ಅಂದು ಊರೂರಿನ ಗಡಿಯಲ್ಲಿ ನೆಲೆನಿಂತ ಪ್ಲೇಗಿನಮ್ಮನ ಗುಡಿಗಳು ಇಂದಿಗೂ ಆ ಭಯವನ್ನು ಹೇಳುತ್ತವೆ. ೧೮೯೧ರಲ್ಲಿ ದಂಡುಪ್ರದೇಶವೂ ಸೇರಿ ೧,೮೦,೩೬೬ ಜನರಿದ್ದ ಬೆಂಗಳೂರು ೧೯೦೧ರ ಗಣತಿಯಲ್ಲಿ ೧,೫೯,೦೪೬ಕ್ಕೆ ಇಳಿಯಿತು. ಮೈಸೂರು ೭೪,೦೪೮ರಿಂದ ೬೮,೧೧೧ಕ್ಕೆ ಕುಸಿಯಿತು. ಇಂದು ತುಂಬಿ ತುಳುಕುವ ಬೆಂಗಳೂರಿನ ಜನಸಂಖ್ಯೆಯೂ ಒಂದು ದಶಕದಲ್ಲಿ ಇಳಿದಿತ್ತೆಂಬುದು ಈಗಿನ ತರುಣರಿಗೆ ಕಟ್ಟುಕಥೆಯಾಗಿ ಕೇಳಿಸೀತು. ಆದರೆ ಅಂದಿನ ಮೈಸೂರು ಸರ್ಕಾರದವರು ಓಡಿಹೋದ ಪ್ರಜೆಗಳನ್ನು ಹಳಿಯುತ್ತ ಕೂಡಲಿಲ್ಲ. ಗಾಳಿ ಬೆಳಕು ಕಾಣದ ಹಳೆಯ ಪೇಟೆಗಳೇ ರೋಗದ ತವರೆಂದು ತಿಳಿದು, ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳನ್ನು ಅಗಲವಾದ ಬೀದಿಗಳೊಡನೆ ಬಿಡಿಸಿದರು. ಮೈಸೂರಿನಲ್ಲಿ ೧೯೦೩ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ವಿಶ್ವಸ್ತ ಮಂಡಳಿಯನ್ನು ನೇಮಿಸಿ, ಇಕ್ಕಟ್ಟಿನ ಕೇರಿಗಳನ್ನು ತೆರವುಮಾಡಿ, ಚರಂಡಿಗಳನ್ನು ಕಟ್ಟಿಸಿದರು. ಜನ ಹಿಂದಿರುಗಿದರು. ಏಕೆಂದರೆ ಅವರು ಬಿಟ್ಟುಹೋದದ್ದು ಮನೆಯನ್ನು ಮಾತ್ರ. ಅವರ ಕಸುಬು, ಕಚೇರಿ, ಅಂಗಡಿ, ಶಾಲೆಗಳು ಅವರಿಗಾಗಿ ಅಲ್ಲಿಯೇ ಕಾದಿದ್ದುವು. ಬಯಲು ಬರಿದಾಗಿತ್ತು, ಸಂತೆಯ ಕಾರಣ ಅಳಿದಿರಲಿಲ್ಲ.

ಕಾರಣವೇ ಅಳಿದಾಗ ಏನಾಗುವುದೆಂಬುದಕ್ಕೆ ಕೋಲಾರದ ಚಿನ್ನದ ಗಣಿಗಳ ಪ್ರದೇಶವನ್ನು, ಎಂದರೆ ಕೆ.ಜಿ.ಎಫ್. ಅನ್ನು, ನೋಡಬೇಕು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಅಲ್ಲಿ ಯಂತ್ರಗಳನ್ನಿಳಿಸಿದರು. ೧೯೦೨ರಲ್ಲಿ ನಮ್ಮ ಕೊಳ್ಳೇಗಾಲದ ಮಗ್ಗುಲಿನ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ತೆಗೆದು, ತೊಂಬತ್ತೆರಡು ಮೈಲಿಯ ತಂತಿಯ ಮೂಲಕ ಆ ಗಣಿಗಳಿಗೆ ಹರಿಸಿದರು. ಬೆಂಗಳೂರಿನ ಬೀದಿಗಳು ಆ ಬೆಳಕನ್ನು ಕಂಡದ್ದು ೧೯೦೫ರಲ್ಲಿ. ಬೆಂಗಳೂರಿಗಿಂತ ಮೂರು ವರ್ಷ ಮುಂಚೆಯೇ ಗಣಿಯೂರಿಗೆ ವಿದ್ಯುತ್ತು ಬಂದಿತ್ತೆಂಬುದು ಚಿನ್ನದ ಮಹಿಮೆಯಲ್ಲದೆ ಬೇರೆಯಲ್ಲ. ಜಲಪಾತದ ನೆರೆಯಲ್ಲಿಯೇ ಇದ್ದ ನಮ್ಮ ಹಳ್ಳಿಗಳು ಮಾತ್ರ ಮುಂದೆ ಬಹುಕಾಲ ಹರಳೆಣ್ಣೆಯ ದೀಪದಲ್ಲಿಯೇ ಉಂಡು ಮಲಗಿದುವು. ಚಾಂಪಿಯನ್ ರೀಫಿನ ಗಣಿ ನೆಲದೊಳಕ್ಕೆ ಮೂರು ಸಾವಿರ ಮೀಟರುಗಳಿಗೂ ಮೀರಿ ಇಳಿದು ಲೋಕದ ಅತ್ಯಂತ ಆಳದ ಗಣಿಗಳಲ್ಲೊಂದೆನಿಸಿತು. ೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ಸ್ವತ್ತಾದುವು, ೧೯೬೨ರಲ್ಲಿ ಕೇಂದ್ರ ಸರ್ಕಾರದ ವಶಕ್ಕೆ ಹೋದುವು. ಅಗೆದಷ್ಟೂ ಆಳ ಹೆಚ್ಚಿತು, ಆಳ ಹೆಚ್ಚಿದಷ್ಟೂ ಖರ್ಚು ಹೆಚ್ಚಿತು, ಅದಿರಿನೊಳಗಣ ಚಿನ್ನ ಮಾತ್ರ ಕುಗ್ಗುತ್ತ ಬಂದಿತು. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು.

ಈ ನಗರದ ಜನಸಂಖ್ಯೆಯ ಕಥೆ ವಿಚಿತ್ರವಾದುದು. ೧೯೫೧ರಲ್ಲಿ ಅಲ್ಲಿ ಒಂದು ಲಕ್ಷ ಐವತ್ತೊಂಬತ್ತು ಸಾವಿರ ಜನರಿದ್ದರು. ಗಣಿಯ ಕೆಲಸ ಇಳಿಯುತ್ತ ಬಂದ ಮುಂದಿನ ಎರಡು ದಶಕಗಳಲ್ಲಿ ಆ ಸಂಖ್ಯೆ ಒಂದು ಲಕ್ಷ ಇಪ್ಪತ್ತು ಸಾವಿರದ ಸಮೀಪಕ್ಕೆ ಬಂದಿತು. ಆಮೇಲೆ ಮೆಲ್ಲಮೆಲ್ಲನೆ ಏರಿ, ೨೦೧೧ರ ಗಣತಿಯಲ್ಲಿ ಒಂದು ಲಕ್ಷ ಅರವತ್ತೆರಡು ಸಾವಿರವನ್ನು ಮುಟ್ಟಿತು. ಅರುವತ್ತು ವರ್ಷಗಳಲ್ಲಿ ಬೆಂಗಳೂರು ಹತ್ತು ಪಾಲಿಗಿಂತ ಹೆಚ್ಚಾಗಿ ಬೆಳೆದಾಗ, ಈ ಊರು ಹೊರಟಲ್ಲಿಗೇ ಬಂದು ನಿಂತಿತು. ಬರಿಯ ಅಂಕಿಯನ್ನು ನೋಡುವವನು, ಊರು ನಷ್ಟವಾಗಲಿಲ್ಲವಲ್ಲ ಎಂದಾನು. ಅವನು ಒಂದು ಬೆಳಗಿನ ಜಾವ ಮಾರಿಕುಪ್ಪಂ ನಿಲ್ದಾಣದಲ್ಲಿ ನಿಂತು ನೋಡಬೇಕು. ಬುತ್ತಿಯ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಸಾವಿರಾರು ಮಂದಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಹೋಗುತ್ತಾರೆ; ರಾತ್ರಿ ಮಲಗುವುದಕ್ಕೆ ಮರಳುತ್ತಾರೆ. ಸಂತೆಮರಹಳ್ಳಿಯ ಬಯಲು ಹಗಲು ತುಂಬಿ ರಾತ್ರಿ ಬರಿದಾಗುವುದಾದರೆ, ಆ ಊರು ರಾತ್ರಿ ತುಂಬಿ ಹಗಲು ಬರಿದಾಗುತ್ತದೆ. ಗಣತಿಯವರು ಎಣಿಸುವುದು ಮಲಗಿದ ತಲೆಗಳನ್ನು. ಊರಿನ ಅಭ್ಯುದಯಕ್ಕೆ ಬೇಕಾಗಿರುವುದು ಎದ್ದು ದುಡಿಯುವ ಕೈಗಳು.

ಕೆ.ಜಿ.ಎಫ್. ಕಲಿಸುವ ಇನ್ನೊಂದು ಪಾಠವಿದೆ. ಅಲ್ಲಿ ಮನೆ ಕಂಪನಿಯದು, ನೀರು ಕಂಪನಿಯದು, ದೀಪ, ಆಸ್ಪತ್ರೆ, ಶಾಲೆ, ಕ್ಲಬ್ಬು ಎಲ್ಲವೂ ಕಂಪನಿಯವು. ಒಂದೇ ಕಂಬದ ಮೇಲೆ ಹಾಕಿದ ಚಪ್ಪರ ನೆರಳಿಗೆ ಕೊರತೆಮಾಡಲಿಲ್ಲ. ಕಂಬ ಬಿದ್ದ ದಿನ ಮಾತ್ರ ಚಪ್ಪರದ ಒಂದು ಗಳುವೂ ನಿಲ್ಲಲಿಲ್ಲ. ಗಣಿಯೊಂದನ್ನು ಮುಚ್ಚಿದಾಗ ಮುಚ್ಚಿದ್ದು ಗಣಿಯನ್ನಷ್ಟೇ ಆಗಿರಲಿಲ್ಲ. ಕೊಳಾಯಿ, ಔಷಧಾಲಯ, ಆಟದ ಮೈದಾನಗಳನ್ನೂ ಅದೇ ಬೀಗ ಮುಚ್ಚಿತು. ಲಾಭ ಹಡಗು ಹತ್ತಿ ಹೋಯಿತು. ಉಳಿದದ್ದು ಗುಡ್ಡದಂತೆ ರಾಶಿಬಿದ್ದ ಸಯನೈಡ್ ದಿಬ್ಬಗಳು. ಗಾಳಿ ಬೀಸಿದಾಗ ಆ ದಿಬ್ಬಗಳ ಧೂಳು ಇಂದಿಗೂ ಊರಿನ ಮೇಲೆ ಇಳಿಯುತ್ತದೆ.

ಲೋಕಾನುಭವವೂ ಇದನ್ನೇ ಹೇಳುತ್ತದೆ. ಜಪಾನಿನ ಉತ್ತರ ದ್ವೀಪದಲ್ಲಿ ಯೂಬಾರಿಯೆಂಬ ಕಲ್ಲಿದ್ದಲಿನ ಊರಿದೆ. ೧೯೬೦ರ ಸುಮಾರಿಗೆ ಒಂದು ಲಕ್ಷಕ್ಕೂ ಮೇಲ್ಪಟ್ಟ ಜನರಿದ್ದ ಆ ನಗರದಲ್ಲಿ ಗಣಿಗಳು ಮುಚ್ಚಿದ ಮೇಲೆ, ನಗರಸಭೆಯವರು ಸಾಲದ ಮೇಲೆ ಸಾಲ ತಂದು ವಿನೋದ ವಿಹಾರದ ಉದ್ಯಾನಗಳನ್ನೂ ಸಂಗ್ರಹಾಲಯಗಳನ್ನೂ ಕಟ್ಟಿಸಿದರು. ಪ್ರವಾಸಿಗಳು ನೆನೆಸಿದಷ್ಟು ಬರಲಿಲ್ಲ. ೨೦೦೭ರಲ್ಲಿ ನಗರವೇ ದಿವಾಳಿಯೆದ್ದಿತು. ಇಂದು ಅಲ್ಲಿ ಹತ್ತು ಸಾವಿರ ಜನರೂ ಇಲ್ಲ. ಮೈ ಇಳಿದವನು ಹಳೆಯ ಅಂಗಿಯನ್ನೇ ತೊಡುವೆನೆಂದು ಹಟ ಹಿಡಿಯದೆ ದರ್ಜಿಯ ಬಳಿ ಅಳತೆ ಕೊಡುವುದು ಲೇಸು. ಯೂಬಾರಿ ದರ್ಜಿಯನ್ನು ಬಿಟ್ಟು ಸಾಲ ಕೊಡುವವನ ಬಳಿಗೆ ಹೋಯಿತು.

ಈಗ ನಮ್ಮ ಜಿಲ್ಲೆಗೆ ಮರಳೋಣ. ಚಾಮರಾಜನಗರ ಜಿಲ್ಲೆಯಾದದ್ದು ೧೯೯೭ರ ಆಗಸ್ಟ್ ೧೫ರಂದು. ಅರಿಕುಠಾರವೆಂಬ ಹಳೆಯ ಹೆಸರಿನ ಊರಿಗೆ, ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ನೆಲವೆಂದು ಮುಮ್ಮಡಿ ಕೃಷ್ಣರಾಜ ಒಡೆಯರು ೧೮೧೮ರಲ್ಲಿ ಈಗಿನ ಹೆಸರನ್ನಿಟ್ಟರು. ಆದರೆ ಹೆಸರಿನೊಡನೆ ಹೊಟ್ಟೆಪಾಡು ಬರಲಿಲ್ಲ. ೧೮೯೧ರಲ್ಲಿ ನಂಜನಗೂಡನ್ನು ಮುಟ್ಟಿದ ರೈಲುದಾರಿ ಚಾಮರಾಜನಗರಕ್ಕೆ ಬರುವುದಕ್ಕೆ ಮತ್ತೆ ಮೂರೂವರೆ ದಶಕಗಳು ಹಿಡಿದುವು; ಅಲ್ಲಿಂದ ಸತ್ಯಮಂಗಲದ ಕಡೆಗೆ ಮುಂದುವರಿಯಬೇಕೆಂಬ ಮಾತು ಕಾಗದದ ಮೇಲೆಯೇ ಹಳೆಯದಾಗುತ್ತಿದೆ. ೨೦೦೧ರಿಂದ ೨೦೧೧ರವರೆಗೆ ರಾಜ್ಯದ ಜನಸಂಖ್ಯೆ ನೂರಕ್ಕೆ ಹದಿನೈದಕ್ಕಿಂತ ಹೆಚ್ಚಾಗಿ ಬೆಳೆದಾಗ ನಮ್ಮ ಜಿಲ್ಲೆಯದು ೫.೭೩ರಷ್ಟು ಮಾತ್ರ ಬೆಳೆಯಿತು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಅದೇ ಅವಧಿಯಲ್ಲಿ ೧೧,೪೦,೯೦೫ ಇದ್ದುದು ೧೧,೩೭,೯೬೧ಕ್ಕೆ ಇಳಿದೇ ಹೋಯಿತು. ಇದರಲ್ಲಿ ಸಣ್ಣ ಸಂಸಾರಗಳ ಪಾಲೂ ಉಂಟು. ಕರ್ನಾಟಕದಲ್ಲಿ ತಾಯಿಯೊಬ್ಬಳಿಗೆ ಸರಾಸರಿ ಎರಡು ಮಕ್ಕಳೂ ಇಲ್ಲವೆಂದು, ೧.೭ ಮಾತ್ರವೆಂದು, ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಹುಟ್ಟುವವರು ಕಡಮೆ, ಹುಟ್ಟಿದವರು ನಿಲ್ಲುವುದೂ ಕಡಮೆ.

ನಿಲ್ಲುವುದಕ್ಕೆ ಏನಿತ್ತೆಂದು ಕೇಳಿದರೆ, ರೇಷ್ಮೆಯಿತ್ತು. ಈ ಸೀಮೆಯಲ್ಲಿ ಹಿಪ್ಪುನೇರಳೆಯ ತೋಟವಿಲ್ಲದ ಊರು, ಹುಳುವಿನ ತಟ್ಟೆಯಿಲ್ಲದ ನಡುಮನೆ ಅಪರೂಪವಾಗಿದ್ದ ಕಾಲವೊಂದಿತ್ತು. ನಾಲ್ಕನೆಯ ಜ್ವರವೆದ್ದ, ಎಂದರೆ ನಾಲ್ಕನೆಯ ಬಾರಿ ಪೊರೆ ಕಳಚಿದ, ಹುಳುಗಳು ಸೊಪ್ಪು ಮೇಯುವಾಗ ರಾತ್ರಿಯೆಲ್ಲ ಸೋನೆಮಳೆ ಸುರಿದಂತೆ ಸದ್ದಾಗುತ್ತಿತ್ತು. ಆ ಸದ್ದಿನಲ್ಲಿ ಮಲಗಿದ ಮಕ್ಕಳು ನಾವು. ಸಂತೆಮರಹಳ್ಳಿ, ಮಾಂಬಳ್ಳಿ, ಚಾಮರಾಜನಗರ, ಕೊಳ್ಳೇಗಾಲಗಳಲ್ಲಿ ನೂಲು ತೆಗೆಯುವ ಸರ್ಕಾರಿ ರೇಷ್ಮೆ ಕಾರ್ಖಾನೆಗಳಿದ್ದುವು. ಅವುಗಳ ಸಿಳ್ಳು ಕೇಳಿ ಊರು ಹೊತ್ತನ್ನು ತಿಳಿಯುತ್ತಿತ್ತು. ೧೯೮೦ರಲ್ಲಿ ರೇಷ್ಮೆಹುಳುವಿಗೆ ಮಾರಕವಾದ ಊಜಿ ನೊಣ ಬಂದಿತು, ಕೊಳವೆಬಾವಿಗಳು ಒಣಗಿದುವು, ಚೀನದ ಅಗ್ಗದ ನೂಲು ಪೇಟೆಗಿಳಿಯಿತು, ಕಾರ್ಖಾನೆಗಳಲ್ಲಿ ಹೆಚ್ಚಿನವು ಬಾಗಿಲೆಳೆದುಕೊಂಡುವು. ಹಿಪ್ಪುನೇರಳೆ ಕಿತ್ತ ಹೊಲಕ್ಕೆ ಬಾಳೆ ಬಂದಿತು, ಅರಿಸಿನ ಬಂದಿತು, ಗುಂಡ್ಲುಪೇಟೆಯ ಕಡೆ ಚೆಂಡುಹೂ ಬಂದಿತು. ಆದರೆ ಹುಳು ಸಾಕುವ ಮನೆಯಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರ ಕೈಗೂ ಇದ್ದ ಕೆಲಸ ಹೊಸ ಬೆಳೆಗಳಲ್ಲಿ ದೊರೆಯಲಿಲ್ಲ. ಕೆಲಸವಿಲ್ಲದ ಕೈಗಳು ಮೈಸೂರಿಗೆ, ಬೆಂಗಳೂರಿಗೆ, ಕೊಡಗಿನ ತೋಟಗಳಿಗೆ, ತಿರುಪ್ಪೂರಿನ ಬಟ್ಟೆ ಕಾರ್ಖಾನೆಗಳಿಗೆ ಹೊರಟುವು. ಸಂತೆಯಲ್ಲಿ ಸೊಪ್ಪಿನ ಮುಂದೆ ಕುಳಿತಿದ್ದ ವೃದ್ಧೆಯೊಬ್ಬಳನ್ನು, ಏನವ್ವಾ, ವ್ಯಾಪಾರ ಹೇಗಿದೆ ಎಂದು ನಾನು ಕೇಳಿದಾಗ ಆಕೆ ಹೇಳಿದ ಉತ್ತರವನ್ನು ಆಕೆಯ ಮಾತಿನಲ್ಲಿಯೇ ಕೇಳಿ: “ಯಾನ ಮಾಡದು ಸಾಮಿ, ಐಕ್ಳೆಲ್ಲಾ ಬೆಂಗ್ಳೂರ್ಗ ಹೋಗ್ಬುಟ್ಟೊ. ತಿನ್ನೋರೇ ಇಲ್ದಿದ್ಮೇಲ ಯಾರ್ಗ ಮಾರಾನ?” ತಿನ್ನುವವರೇ ಇಲ್ಲದ ಮೇಲೆ ಯಾರಿಗೆ ಮಾರೋಣ! ಅರ್ಥಶಾಸ್ತ್ರದ ದಪ್ಪ ಗ್ರಂಥವೊಂದು ಅಧ್ಯಾಯಗಟ್ಟಲೆ ಹೇಳಬೇಕಾದುದನ್ನು ಆಕೆ ಎರಡು ಕಟ್ಟು ಸೊಪ್ಪಿಗೆ ನೀರು ಚಿಮುಕಿಸುವಷ್ಟರಲ್ಲಿ ಹೇಳಿ ಮುಗಿಸಿದಳು.

ಜನ ಕಡಮೆಯಾದ ಊರಿಗೆ ಎರಡನೆಯ ಪೆಟ್ಟು ಬೀಳುವುದು ಕಡತಗಳ ಕಡೆಯಿಂದ. ನಮ್ಮ ಕಾನೂನಿನಲ್ಲಿ ಹತ್ತು ಸಾವಿರ ತಲೆಗಳಿದ್ದರೆ ಪಟ್ಟಣ ಪಂಚಾಯಿತಿ, ಇಪ್ಪತ್ತು ಸಾವಿರಕ್ಕೆ ಪುರಸಭೆ, ಐವತ್ತು ಸಾವಿರಕ್ಕೆ ನಗರಸಭೆ, ಮೂರು ಲಕ್ಷ ದಾಟಿದರೆ ಮಹಾನಗರಪಾಲಿಕೆ. ಬಯಲುಸೀಮೆಯಲ್ಲಿ ಮೂವತ್ತು ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬುದು ನಿಯಮ. ಅನುದಾನ ಹಂಚುವಾಗಲೂ ಮುಖ್ಯ ಅಳತೆ ತಲೆಯೆಣಿಕೆಯೇ. ಹೀಗಾಗಿ ಹತ್ತು ಮನೆಗೆ ಬೀಗ ಬಿದ್ದರೆ ಶಾಲೆಯಲ್ಲಿ ಹಾಜರಿ ಇಳಿಯುತ್ತದೆ. ಹಾಜರಿ ಇಳಿದ ಶಾಲೆಯನ್ನು ಪಕ್ಕದೂರಿನದರೊಡನೆ ಸೇರಿಸುತ್ತಾರೆ. ಶಾಲೆಯಿಲ್ಲದ ಊರಿನಿಂದ, ಮಕ್ಕಳ ಓದಿನ ನೆಪದಲ್ಲಿ, ಇನ್ನೂ ಹತ್ತು ಮನೆಗಳು ಎದ್ದುಹೋಗುತ್ತವೆ. ಪ್ರಯಾಣಿಕರಿಲ್ಲವೆಂದು ಸಂಜೆಯ ಬಸ್ಸು ನಿಲ್ಲುತ್ತದೆ. ಕಾರಣವು ಕಾರ್ಯವಾಗಿ, ಕಾರ್ಯವು ಮತ್ತೆ ಕಾರಣವಾಗಿ ಈ ಗಾಣ ಒಮ್ಮೆ ತಿರುಗಲಾರಂಭಿಸಿತೆಂದರೆ ಎತ್ತು ಇಲ್ಲದಿದ್ದರೂ ತಿರುಗುತ್ತದೆ. ರಸ್ತೆಯ ಉದ್ದ ಮಾತ್ರ ಜನ ಕಡಮೆಯಾದರೆಂದು ಕಡಮೆಯಾಗುವುದಿಲ್ಲ. ಕೊಳಾಯಿಯ ನಳಿಗೆ, ಬೀದಿದೀಪ, ಚರಂಡಿಗಳು ಸಾವಿರ ಮಂದಿಗೂ ಅಷ್ಟೇ, ಐನೂರು ಮಂದಿಗೂ ಅಷ್ಟೇ. ಕಂದಾಯ ಕೊಡುವ ಕೈಗಳು ಅರ್ಧವಾದಾಗ ಉಳಿದವರ ಮೇಲೆ ಹೊರೆ ಇಮ್ಮಡಿಸುತ್ತದೆ.

ಇಲ್ಲಿ ನನ್ನ ಮಾತಿಗೆ ನಾನೇ ಒಂದು ತಡೆ ಹಾಕಿಕೊಳ್ಳಬೇಕು. ಊರು ಬಿಟ್ಟವರನ್ನು ದೂಷಿಸುವ ಹಕ್ಕು ನಮಗಿಲ್ಲ. ಹುಟ್ಟಿದೂರಿನ ಹೋಟೆಲಿನಲ್ಲಿ ಬೇರೆ ಲೋಟ, ಹುಟ್ಟಿದೂರಿನ ಬಾವಿಯಲ್ಲಿ ಬೇರೆ ಹಗ್ಗ ಎನ್ನುವ ಅವಮಾನವನ್ನುಂಡ ಕೇರಿಯ ತರುಣನಿಗೆ ಯಾರ ಮನೆತನವನ್ನೂ ಕೇಳದ ನಗರ ಬಿಡುಗಡೆಯಾಗಿ ತೋರಿದ್ದರೆ, ಹದಿನೆಂಟಕ್ಕೆ ಮದುವೆಯೆಂದು ಕೇಳಿ ಬೆಳೆದ ಹೆಣ್ಣುಮಗಳಿಗೆ ತಿಂಗಳ ಸಂಬಳ ತರುವ ಗಾರ್ಮೆಂಟ್ ಕಾರ್ಖಾನೆ ತವರಿಗಿಂತ ಹತ್ತಿರವಾಗಿದ್ದರೆ, ತಪ್ಪು ನಗರದ ಮೋಹದ್ದಲ್ಲ. ಊರು ಉಳಿಯಬೇಕೆಂದು ಹಾಡುವವರು ಎಂಥ ಊರು ಉಳಿಯಬೇಕೆಂಬುದನ್ನೂ ಹೇಳಬೇಕು. ನೆನಪಿನ ಊರಿಗಾಗಿ ಮರುಗುವುದು ಸುಲಭ. ಮರಳಿ ಬಂದವನಿಗೆ ಸಮನಾದ ಜಾಗ ಕೊಡುವ ಊರನ್ನು ಕಟ್ಟುವುದು ಕಷ್ಟ.

ಹಾಗಾದರೆ ಮಾಡತಕ್ಕದ್ದೇನು? ಬೆಂಗಳೂರಿನ ಸುತ್ತ ಬೇಲಿ ಹಾಕಲಾಗದು, ಊರಿನ ಬಾಗಿಲಿಗೆ ಬೀಗವನ್ನೂ ಹಾಕಲಾಗದು. ಸಂತೆಯ ಕಾರಣವನ್ನು ಊರಿನಲ್ಲಿಯೇ ಉಳಿಸುವುದೊಂದೇ ದಾರಿ. ಇಲ್ಲಿಯ ಅರಿಸಿನ ಈರೋಡಿಗೆ ಹೋಗಿ ಪುಡಿಯಾಗಿ ಬಣ್ಣದ ಪೊಟ್ಟಣದಲ್ಲಿ ನಮ್ಮ ಅಂಗಡಿಗೇ ಮರಳಿಬರುವಾಗ, ಆ ಹೋಗಿಬರುವ ದಾರಿಯಲ್ಲಿ ಎಷ್ಟು ಮಂದಿಯ ಅನ್ನ ಚೆಲ್ಲಿಹೋಯಿತೆಂಬುದನ್ನು ಯಾರೂ ಎಣಿಸುವುದಿಲ್ಲ. ಬೆಳೆದ ಬೆಳೆಯನ್ನು ಬೆಳೆದಲ್ಲಿಯೇ ಹಸನುಮಾಡುವ ಕಸುಬುಗಳು ಬರಬೇಕು. ಬಾಗಿಲೆಳೆದುಕೊಂಡ ರೇಷ್ಮೆ ಕಾರ್ಖಾನೆಗಳ ಗೋಡೆಗಳು ಅದಕ್ಕೆ ಕಾದುನಿಂತಿವೆ. ಬದನಗುಪ್ಪೆ, ಕೆಲ್ಲಂಬಳ್ಳಿಗಳಲ್ಲಿ ಕೈಗಾರಿಕೆಗೆಂದು ತೆಗೆದುಕೊಂಡ ಹೊಲಗಳಲ್ಲಿ ಮೊದಲ ಕೆಲಸ, ಆ ಹೊಲಗಳನ್ನು ಬಿಟ್ಟುಕೊಟ್ಟವರ ಮಕ್ಕಳಿಗೆ ದೊರೆಯಬೇಕು. ಆದರೆ ಕೆ.ಜಿ.ಎಫ್.ನ ಒಂಟಿಕಂಬವನ್ನು ನೆನೆದು, ಒಂದೇ ದೊಡ್ಡ ಕಾರ್ಖಾನೆಗಿಂತ ಹತ್ತು ಚಿಕ್ಕವನ್ನು ಆರಿಸಿಕೊಳ್ಳಬೇಕು. ಶಾಲೆ, ಆಸ್ಪತ್ರೆ, ಬಸ್ಸುಗಳ ಲೆಕ್ಕದಲ್ಲಿ ತಲೆಯೆಣಿಕೆಯೊಡನೆ ದೂರದ ಎಣಿಕೆಯೂ ಸೇರಬೇಕು. ಮಲೆಯ ಅಂಚಿನ ಹಾಡಿಯ ಇಪ್ಪತ್ತು ಮಕ್ಕಳು ಬೆಂಗಳೂರಿನ ಇನ್ನೂರು ಮಕ್ಕಳಿಗಿಂತ ಶಾಲೆಯಿಂದ ಹೆಚ್ಚು ದೂರದಲ್ಲಿರುತ್ತಾರೆ. ಹತ್ತಿರವಿರುವವನಿಗೆ ಬಸ್ಸು ಕೊಟ್ಟು ದೂರವಿರುವವನಿಗೆ ನಿಯಮ ತೋರಿಸುವುದು ನ್ಯಾಯವಲ್ಲ. ಇಷ್ಟೆಲ್ಲ ಮಾಡಿಯೂ ಚಿಕ್ಕದಾಗಿಯೇ ಉಳಿಯುವ ಊರುಗಳಿರುತ್ತವೆ. ಅವು ಚಿಕ್ಕವಾಗಿಯೇ ಚೊಕ್ಕಟವಾಗಿರಲಿ. ದೊಡ್ಡದಾಗದ ಊರು ಸೋತ ಊರೆಂಬ ಭ್ರಮೆ ನಮಗೆ ಬೇಡ.

ಕಡೆಗೆ, ಸಂತೆಮರಹಳ್ಳಿಯ ಹೆಸರಿಗೆ ಅಂಟಿಕೊಂಡಿರುವ ಒಂದು ಸಂಗತಿಯನ್ನು ಹೇಳಿ ನನ್ನ ಮಾತನ್ನು ಮುಗಿಸುವೆನು. ಈ ಊರು ಬಹುಕಾಲ ತನ್ನದೇ ಹೆಸರಿನ ವಿಧಾನಸಭಾ ಕ್ಷೇತ್ರವಾಗಿತ್ತು. ೨೦೦೪ರ ಚುನಾವಣೆಯಲ್ಲಿ ಇಲ್ಲಿ ಆರ್. ಧ್ರುವನಾರಾಯಣ ಅವರಿಗೆ ೪೦,೭೫೨ ಮತಗಳೂ, ಎ.ಆರ್. ಕೃಷ್ಣಮೂರ್ತಿ ಅವರಿಗೆ ೪೦,೭೫೧ ಮತಗಳೂ ಬಂದುವು. ಒಂದು ಮತ! ಒಬ್ಬ ಮನುಷ್ಯನ ಬೆಲೆಯೇನೆಂಬುದನ್ನು ದೇಶಕ್ಕೆ ದೇಶವೇ ಈ ಊರನ್ನು ನೋಡಿ ಕಲಿಯಿತು. ಆದರೆ ಅದಾದ ನಾಲ್ಕೇ ವರ್ಷಗಳಲ್ಲಿ, ೨೦೦೧ರ ಗಣತಿಯ ಆಧಾರದ ಮೇಲೆ ಕ್ಷೇತ್ರಗಳನ್ನು ಮರುವಿಂಗಡಿಸಿದಾಗ, ಒಟ್ಟು ೨೨೪ ಸ್ಥಾನಗಳು ಹಾಗೆಯೇ ಉಳಿದು, ಬೆಂಗಳೂರಿನ ಪಾಲು ೨೮ಕ್ಕೆ ಏರಿ, ನಮ್ಮ ಜಿಲ್ಲೆಯಲ್ಲಿದ್ದ ಐದು ಕ್ಷೇತ್ರಗಳು ನಾಲ್ಕಾದುವು. ಅಳಿಸಿಹೋದ ಹೆಸರು ಸಂತೆಮರಹಳ್ಳಿಯದು. ಈಗ ಇಲ್ಲಿಯ ಜನ ತಾಲ್ಲೂಕು ಕಚೇರಿಯ ಕೆಲಸಕ್ಕೆ ಚಾಮರಾಜನಗರಕ್ಕೂ, ಶಾಸಕರನ್ನು ಕಾಣಲು ಕೊಳ್ಳೇಗಾಲದ ಕಡೆಗೂ ಮುಖಮಾಡುತ್ತಾರೆ.

೨೦೧೧ರ ತರುವಾಯ ಹತ್ತು ವರ್ಷಕ್ಕೆ ನಡೆಯಬೇಕಾಗಿದ್ದ ಗಣತಿ ಆ ವರ್ಷ ನಡೆಯಲಿಲ್ಲ. ಅದು ಬಂದಾಗ, ಗಣತಿಯವರು ಬೀಗ ಹಾಕಿದ ನಿಮ್ಮ ಹಳ್ಳಿಯ ಮನೆಯ ಮುಂದೆ ಒಂದು ಕ್ಷಣ ನಿಂತು ಮುಂದೆ ಹೋಗುವರು. ಬೆಂಗಳೂರಿನ ಬಾಡಿಗೆಯ ಕೋಣೆಯಲ್ಲಿ ಕುಳಿತು ಈ ಬಾನುಲಿಯನ್ನು ಕೇಳುತ್ತಿರುವ ನಮ್ಮ ಕಡೆಯ ತರುಣ ತರುಣಿಯರೆ, ನೀವು ಮರಳಿ ಬಂದು ಇಲ್ಲಿಯೇ ನೆಲಸಿರೆಂದು ನಾನು ಕೇಳಲಾರೆ. ಹಾಗೆ ಕೇಳುವುದಕ್ಕೆ ಬೇಕಾದ ಕೆಲಸ ನನ್ನ ಕೈಯಲ್ಲಿಲ್ಲ. ವರ್ಷಕ್ಕೊಮ್ಮೆ ಹಬ್ಬಕ್ಕೆ ಬಂದಾಗ, ಊರಿನ ಶಾಲೆಗೆ ಈ ವರ್ಷ ಎಷ್ಟು ಮಕ್ಕಳು ಸೇರಿದರು, ಸಂಜೆಯ ಬಸ್ಸು ಇನ್ನೂ ಬರುತ್ತಿದೆಯೆ ಎಂದು ವಿಚಾರಿಸಿರಿ. ಸಂತೆಯ ದಿನವಾಗಿದ್ದರೆ ಆ ಮುದುಕಿಯ ಬಳಿ ಎರಡು ಕಟ್ಟು ಸೊಪ್ಪು ಕೊಳ್ಳಿರಿ. ಒಬ್ಬ ಮನುಷ್ಯನಿಂದ ಏನಾದೀತೆಂದು ಸಂತೆಮರಹಳ್ಳಿಯವರಾರೂ ಕೇಳಬಾರದು.